ಏರಿನಲ್ಲಿ ಸೋರುತ್ತಿದ್ದ ಗಾಡಿ

ನಮ್ಮ ಸಹನಾಗೆ ಕೆಲಸ ಸಿಕ್ಕಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. ನಾಳೆ ಬೆಳಿಗ್ಗೆ ಹೋಗಿ ಹಾಜರಾಗಬೇಕು. ಅವಳು ಓಡಿ ಬಂದು ಈ ಸುದ್ದಿ ಹೇಳಿದಾಗ ನಾನು ಹಲ್ಲುಜ್ಜುತ್ತಿದ್ದೆ. ಬಾಯಲ್ಲಿ ನೊರೆ ಇಟ್ಟುಕೊಂಡೇ ಬೀದಿಗಿಳಿದು ಎದುರು ಮನೆಯವರಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಕೊನೆಗೆ ಹಾಲಿನವನನ್ನು ನಿಲ್ಲಿಸಿ ಹೇಳಿದೆ. "ನಿನ್ನೇನೇ ಹೇಳಿದ್ರಲ್ಲ ಅಜ್ಜಾ, ಸಿಗ್ತದೆ ಅಂತ" ಅಂದ ಅವನು. ಸಿಗ್ತದೆ ಅನ್ನುವುದು ಬೇರೆ, ಸಿಕ್ಕಿತು ಅನ್ನುವುದು ಬೇರೆ ಎಂದು ಅವನಿಗೆ ಬಿಡಿಸಿ ಹೇಳಿ ಕಳಿಸಿದೆ.

ಸಹನಾ ನನ್ನ ಮಗಳು ಶಾಂತಾಳ ಮಗಳು. ಐ.ಟಿ.ಐ. ಓದಿದವಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮಳೆಗಾಲ ಬಿಟ್ಟು. ಶಿಕಾರಿಪುರದ ಒಂದೇ ಗ್ಯಾರೇಜಿಗೆ ಮೀಸೆ ಚಿಗುರುವ ಹೊತ್ತಿಗೆ ಸೇರಿ, ಮೀಸೆ ಬೆಳ್ಳಗಾದ ಮೇಲೆ ಬಿಟ್ಟವನು. "ಅಜ್ಜಾ, ಪುಸ್ತಕದಾಗೆ ಇರೋದನ್ನ ನಾವೆಲ್ಲ ಓದೀವಿ. ಕೆಲಸ ಅಂದ್ರೆ ನಿಜವಾಗ್ಲೂ ಹೆಂಗಿರ್ತದೆ ಅಂತ ನೀನು ಬರೆದುಕೊಡು. ನಮ್ಮ ಬ್ಯಾಚಿನವ್ರು ಎಲ್ರೂ ಓದ್ತೀವಿ" ಅಂದಳು. ಆಗಲೇ ಬರೆಯಲು ಕೂತೆ. ಅಕ್ಷರ ಸೊಟ್ಟಗಾದರೆ ಓದುವವರೇ ನೆಟ್ಟಗೆ ಮಾಡಿಕೊಂಡು ಓದಬೇಕು. ಒಳಗೆ ನನ್ನ ಹೆಂಡತಿ ಗಂಗಮ್ಮ ಹೂರಣಕ್ಕೆ ಬೇಳೆ ಬೇಯಿಸುತ್ತಿದ್ದಾಳೆ. ಸಂಜೆಗೆ ಎಲ್ಲರೂ ಬರುತ್ತಾರೆ. ಅಷ್ಟರೊಳಗೆ ಇದು ಮುಗಿಯಬೇಕು.

ಇಷ್ಟು ವರ್ಷ ಎಂಜಿನ್ ಬಿಚ್ಚಿದವನಿಗೆ ಕಣ್ಣು ಮುಚ್ಚಿದರೆ ಏನು ಕಾಣಬೇಕು? ನನಗೆ ಗೇರ್ ಬಾಕ್ಸೂ ಕಾಣುವುದಿಲ್ಲ, ಪಿಸ್ಟನ್ನೂ ಕಾಣುವುದಿಲ್ಲ. ನೀರು ಕಾಣುತ್ತದೆ. ಬೆಳಗಿನ ಬಿಸಿಲಿನಲ್ಲಿ ಹಬೆ ಎದ್ದು ಮರದ ಕೊಂಬೆಗಳ ತನಕ ಹೋಗುವುದು, ಅದರ ಆಚೆ ನಿಂತವರ ಮುಖಗಳೆಲ್ಲ ಕರಗಿದ ಹಾಗೆ ಇರುವುದು, ಬಿಸಿ ರಬ್ಬರಿನ ವಾಸನೆ. ರೇಡಿಯೇಟರಿನ ಒಳಗೆ ನೀರು ಕುದಿಯುವ ಸದ್ದು ಯಾರೋ ತಮ್ಮಷ್ಟಕ್ಕೆ ಗೊಣಗುವ ಹಾಗೆ ಇರುತ್ತದೆ. ಊಟವಾಗಿ ಜಗಲಿಯ ಮೇಲೆ ಒರಗಿದರೆ ಸಾಕು, ಆ ಸದ್ದು ಬರುತ್ತದೆ. ಗಂಗಮ್ಮ ಒಲೆಯ ಮೇಲಿಟ್ಟ ಎಸರಿನ ಸದ್ದೋ, ಎಂದೋ ಗುಜರಿಗೆ ಹೋದ ಗಾಡಿಯ ಸದ್ದೋ, ಅರೆನಿದ್ದೆಯಲ್ಲಿ ನನಗೆ ಬೇರೆ ಮಾಡಲು ಬರುವುದಿಲ್ಲ. ಬೇರೆ ಮಾಡಬೇಕು ಅಂತಲೂ ಅನ್ನಿಸುವುದಿಲ್ಲ.

ಹೊಸಬರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಅಂದರೆ ಉರಿಯುವ ಒಲೆ. ಆ ಒಲೆ ತನ್ನನ್ನೇ ಸುಟ್ಟುಕೊಳ್ಳದಿರಲಿ ಅಂತ ಅದರ ಸುತ್ತ ನೀರು ತಿರುಗುತ್ತದೆ. ಬಿಸಿಯಾದ ನೀರು ದಪ್ಪ ರಬ್ಬರ್ ಕೊಳವೆಯಲ್ಲಿ ಹಾದು ಮುಂದಿನ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಗಾಳಿಗೆ ತಣ್ಣಗಾಗಿ ಇನ್ನೊಂದು ಕೊಳವೆಯಲ್ಲಿ ಎಂಜಿನ್ನಿಗೆ ವಾಪಸು ಬರುತ್ತದೆ. ಆ ಕೊಳವೆಗೆ ಹೋಸ್ ಪೈಪ್ ಅನ್ನುತ್ತೇವೆ. ಎರಡು ತುದಿಗೆ ಎರಡು ಕ್ಲಿಪ್ಪು. ಇಷ್ಟೇ ಸಂಗತಿ. ಆದರೆ ತೊಂಬತ್ತರ ದಶಕದ ನಡುವೆ ಈ ಇಷ್ಟೇ ಸಂಗತಿ ನನ್ನ ಹತ್ತಿರ ಹತ್ತಿರ ಒಂದು ವರ್ಷವನ್ನು ತಿಂದಿತು. ಶಾಂತಾಳ ಮದುವೆಯನ್ನೂ ತಿನ್ನುವುದರಲ್ಲಿತ್ತು.

ನಮ್ಮ ಗ್ಯಾರೇಜು ಕೆರೆಯ ಕಡೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಮರದ ಕೆಳಗಿತ್ತು. ತಗಡಿನ ಒಂದು ಶೆಡ್ಡು ಇದ್ದರೂ ನಿಜವಾದ ಚಾವಣಿ ಆ ಮರವೇ. ಮಾಲೀಕರು ಬುಡೇನ್ ಸಾಬರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಯಾವಾಗಲೂ ಬಿಳಿ ಅಂಗಿ ಹಾಕುತ್ತಿದ್ದರು, ಅದಕ್ಕೆ ಒಂದು ಹನಿ ಎಣ್ಣೆಯೂ ತಾಗುತ್ತಿರಲಿಲ್ಲ. ಅದು ಹೇಗೆ ಅಂತ ನಾನು ಕೇಳಿದ್ದಕ್ಕೆ, "ಹೊಲಸಾಗಾಕೆ ನೀನಿದೀಯಲ್ಲೋ" ಅಂದಿದ್ದರು. ಜೋರು ಮಾಡಿದ್ದು ನಾನು ಕೇಳಿಲ್ಲ. "ಏ ಶಿವಪ್ಪಾ, ನಟ್ಟು ತಿರುಗಿಸ್ತಿದೀಯೋ, ರಾಗಿ ಬೀಸ್ತಿದೀಯೋ?" ಅಂತ ಮೆಲ್ಲಗೆ ಅನ್ನುವರು. ಅಷ್ಟಕ್ಕೇ ಕೈ ನೆಟ್ಟಗಾಗುತ್ತಿತ್ತು. ಕೆಲಸ ಮೆಚ್ಚಿಕೆಯಾದರೆ ಬಾಯಿಬಿಟ್ಟು ಹೇಳುವವರಲ್ಲ. ತಮ್ಮ ಗ್ಲಾಸಿನ ಅರ್ಧ ಚಾ ನನ್ನ ಗ್ಲಾಸಿಗೆ ಸುರಿಯುವರು.

ಆಗ ಹಸಿರು ಬಣ್ಣದ ಕೂಲಂಟ್ ಅನ್ನುವುದನ್ನು ನಾವು ಕಂಡೇ ಇರಲಿಲ್ಲ. ಕೆರೆಯ ನೀರು, ಬಾವಿಯ ನೀರು, ಗದ್ದೆ ಕಾಲುವೆಯ ನೀರು, ಎದುರಿಗೆ ಯಾವುದಿತ್ತೋ ಅದು. ಕುಬಟೂರಿನ ಗೌಡರೊಬ್ಬರ ಟ್ರಾಕ್ಟರು ಒಮ್ಮೆ ಎಷ್ಟು ನೀರು ಹಾಕಿದರೂ ಕಾಯುತ್ತಿದೆ ಅಂತ ಬಂತು. ಕೆಳಗಿನ ಹೋಸ್ ಬಿಚ್ಚಿದೆ, ನೀರು ಬರಲಿಲ್ಲ. ತಂತಿ ಹಾಕಿ ತಿವಿದೆ. ಪುಳಕ್ ಅಂತ ಬೆಂದ ಮೀನಿನ ಮರಿಗಳು ಒಂದು ಮುದ್ದೆಯಾಗಿ ನನ್ನ ಕಾಲಮೇಲೆ ಬಿದ್ದವು. ಗೌಡರು ನಿಷ್ಠೆಯ ಲಿಂಗವಂತರು, ಎರಡು ಹೆಜ್ಜೆ ಹಿಂದೆ ಸರಿದು "ಶಿವಶಿವಾ, ನಮ್ಮ ಟ್ರಾಕ್ಟರ್ ಮೀನು ತಿಂತದೇನ್ರೀ?" ಅಂದರು. ಬುಡೇನ್ ಸಾಬರು ಚಾ ಕುಡಿಯುತ್ತ, "ಇನ್ನು ಮ್ಯಾಲೆ ನೀರನ್ನ ಪಂಚೆ ತುದಿಯಾಗೆ ಸೋಸಿ ಹಾಕ್ರಿ ಗೌಡ್ರೆ, ಮಡಿ ಉಳೀತದೆ" ಅಂದರು.

ಇನ್ನೊಂದು ಪದ್ಧತಿ ಕೇಳಿ. ಹೊಸ ಹೋಸ್ ಪೈಪು ಬಿಗಿಯಾಗಿರುತ್ತದೆ, ಎಂಜಿನ್ನಿನಿಂದ ನೀರು ಹೊರಬರುವ ಮೂತಿಗೆ ಬೇಗ ಏರುವುದಿಲ್ಲ. ಅದಕ್ಕೆ ನಾವು ಒಳಗಡೆ ಹರಳೆಣ್ಣೆ ಸವರಿ ಏರಿಸುತ್ತಿದ್ದೆವು. ಸೊಗಸಾಗಿ ಏರುತ್ತಿತ್ತು, ಅಷ್ಟೇ ಸೊಗಸಾಗಿ ಜಾರುತ್ತಲೂ ಇತ್ತು. ಕ್ಲಿಪ್ಪು ಎಷ್ಟು ಬಿಗಿದರೂ ಒಂದೊಂದೇ ಕೂದಲೆಳೆ ಹಿಂದಕ್ಕೆ ಸರಿಯುವುದು. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುವುದು. ನೀವು ಸೋಪಿನ ನೀರು ಹಚ್ಚಿ. ಅದು ಒಣಗುತ್ತದೆ, ಹಿಡಿದುಕೊಳ್ಳುತ್ತದೆ. ಇದು ನಮಗೆ ಗೊತ್ತಾಗಲು ಎಷ್ಟು ಹೋಸ್‌ಗಳು ಹಾಳಾದವೋ.

ಈಗ ವೀರೇಶನ ವ್ಯಾನಿಗೆ ಬರುತ್ತೇನೆ.

ನನ್ನ ಅಕ್ಕ ಹಾಲಮ್ಮನನ್ನು ಸೊರಬಕ್ಕೆ ಕೊಟ್ಟಿತ್ತು. ಅವಳಿಗೆ ಒಬ್ಬನೇ ಮಗ, ವೀರೇಶ. ನಮ್ಮಲ್ಲಿ ಅಕ್ಕನಿಗೆ ಗಂಡು, ತಮ್ಮನಿಗೆ ಹೆಣ್ಣು ಹುಟ್ಟಿದರೆ ತೊಟ್ಟಿಲ ಹತ್ತಿರವೇ ಮಾತು ಆಗಿಬಿಡುತ್ತದೆ. ವೀರೇಶನಿಗೆ ಶಾಂತಾ ಅಂತ ಎಲ್ಲರೂ ಅಂದುಕೊಂಡಿದ್ದೆವು. ಅವರಿಬ್ಬರೂ ಅಂದುಕೊಂಡಿದ್ದರು. ಹುಡುಗ ದೊಡ್ಡವನಾಗಿ ಒಂದು ಹಳೆಯ ಡೀಸೆಲ್ ವ್ಯಾನ್ ತಂದ. ಆಕಾಶದ ಬಣ್ಣ. ಅದರ ಎಂಜಿನ್ ಮುಂದಿನ ಸೀಟುಗಳ ನಡುವೆ, ಗಾಡಿಯ ಒಳಗೇ ಇತ್ತು. ಮೇಲೆ ಒಂದು ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಗೋಣಿಚೀಲ. ಜನ ಹೆಚ್ಚಾದರೆ ಅದರ ಮೇಲೂ ಕೂರುತ್ತಿದ್ದರು. ಬೆಳಿಗ್ಗೆ ಸೊರಬದಿಂದ ಹೊರಟು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬರುವುದು, ಮಧ್ಯಾಹ್ನ ವಾಪಸು ಹೋಗುವುದು. ಮಂಗಳವಾರ, ಶುಕ್ರವಾರ ಮಾತ್ರ ಚಂದ್ರಗುತ್ತಿಗೆ ಅಮ್ಮನ ದರ್ಶನಕ್ಕೆ ಹೋಗುವವರನ್ನು ಹತ್ತಿಸಿಕೊಳ್ಳುತ್ತಿದ್ದ.

ಗಾಡಿ ಸೋರುತ್ತಿತ್ತು. ಮೇಲಿನ ಹೋಸ್ ಪೈಪು, ಎಂಜಿನ್ ಕಡೆಯ ತುದಿ, ಅದರ ಅಡಿಭಾಗ. ಯಾವಾಗಲೂ ಅದೇ ಜಾಗ. ನಾನು ಹೋಸ್ ಬದಲಿಸಿದೆ. ಮರದ ಕೆಳಗೆ ನಿಲ್ಲಿಸಿ ಎಂಜಿನ್ ಓಡಿಸಿ, ಕುದಿಯುವ ತನಕ ಕಾದು ನೋಡಿದೆ. ಒಂದು ಹನಿಯೂ ಇಲ್ಲ. "ಹೋಗೋ, ಆತು" ಅಂತ ಕಳಿಸಿದೆ. ಮಾರನೇ ದಿನ ಹಬೆ ಬಿಡುತ್ತ ಬಂದ. ತಂತಿಯ ಕ್ಲಿಪ್ಪು ತೆಗೆದು ಸ್ಕ್ರೂ ಇರುವ ಹೊಸ ಕ್ಲಿಪ್ಪು ಹಾಕಿದೆ. ಎಂಜಿನ್ನಿನ ಮೂತಿ ತುಕ್ಕು ಹಿಡಿದಿದೆ ಅಂತ ಉಜ್ಜಿ ಕನ್ನಡಿ ಮಾಡಿದೆ. ರೇಡಿಯೇಟರಿನ ಮುಚ್ಚಳ ಬದಲಿಸಿದೆ. ನಿಂತಾಗ ನೋಡಿದರೆ ಸಾಧು ಪ್ರಾಣಿ. ರಸ್ತೆಗೆ ಬಿದ್ದು ನಾಕು ದಿನಕ್ಕೆ ಮತ್ತೆ ಸೋರುತ್ತಿತ್ತು.

ವೀರೇಶ ವಾರಕ್ಕೆ ಎರಡು ಸಲ ಗ್ಯಾರೇಜಿಗೆ ಬರತೊಡಗಿದ. ಮಧ್ಯಾಹ್ನ ನನಗೆ ಬುತ್ತಿ ತರುತ್ತಿದ್ದವಳು ಶಾಂತಾ. ಅವಳು ಬರುವ ಹೊತ್ತಿಗೆ ಸರಿಯಾಗಿ ಈ ಹುಡುಗ ಗಾಡಿಯ ಅಡಿಯಿಂದ ಎದ್ದು ಕೈ ತೊಳೆದುಕೊಳ್ಳುತ್ತಿದ್ದ. ಬುಡೇನ್ ಸಾಬರು ಎರಡು ವಾರ ಇದನ್ನು ನೋಡಿದರು. "ಶಿವಪ್ಪಾ, ಈ ಗಾಡಿ ಸೋರ್ತದೋ, ಇಲ್ಲ ಸೋರಿಸ್ತಾನೋ?" ಅಂದರು.

ವೀರೇಶ ಕೆಂಪಗಾದ. "ದೇವರಾಣೆ ಸಾಬ್ರೇ, ನಾನು ಕ್ಲಿಪ್ಪು ಮುಟ್ಟಿಲ್ಲ."

"ಮುಟ್ಟಿದೀಯ ಅಂತ ಯಾರು ಹೇಳಿದ್ರು? ಕೇಳಿದೆ ಅಷ್ಟೆ."

ಮನೆಯಲ್ಲಿ ಗಂಗಮ್ಮನೂ ಅದನ್ನೇ ಕೇಳಿದಳು. ಅವಳಿಗೆ ತಮಾಷೆಯಾಗಿರಲಿಲ್ಲ. "ರೀ, ನನಗೆ ಒಂದು ಹೇಳ್ರಿ. ಅವನೇ ಬಿಚ್ಕೊಂಡು ಬರ್ತಿದ್ರೆ ಹುಡುಗ ಕಳ್ಳ. ತಾನಾಗೇ ಸೋರ್ತಿದ್ರೆ ಗಾಡಿ ದಂಡ. ಎರಡರಾಗೆ ಯಾವುದಕ್ಕೆ ಮಗಳನ್ನ ಕೊಡ್ಲಿ?" ನಾನು ಗ್ಯಾರೇಜಿಗೆ ಹೊರಡಲು ಎದ್ದೆ. "ಊರವ್ರ ಗಾಡಿ ಎಲ್ಲ ರಿಪೇರಿ ಮಾಡ್ತೀರಿ. ಅಳಿಯಂದು ಮಾಡಾಕೆ ಕೈ ಬರಲ್ಲೇನು?" ಅಂತ ಸೇರಿಸಿದಳು.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಗಾಡಿ ನಮ್ಮೂರಿಗೆ ಸ್ವಲ್ಪ ದೂರದಲ್ಲಿ ನಿಂತಿದೆ ಅಂತ ಬಸ್ಸಿನವರು ಸುದ್ದಿ ತಂದರು. ಹೋಸ್ ಪೈಪು, ಕ್ಲಿಪ್ಪು, ಸೈಕಲ್ ಟ್ಯೂಬಿನ ಪಟ್ಟಿ ಎಲ್ಲ ಒಂದು ಕೈಚೀಲಕ್ಕೆ ತುಂಬಿಕೊಂಡು ಹೋದೆ. ಅಲ್ಲಿ ಮಂಜು ಅಂದರೆ ಮಂಜು. ರಸ್ತೆ ಇಲ್ಲ, ಮರ ಇಲ್ಲ, ಗದ್ದೆ ಇಲ್ಲ. ಆ ಬೆಳ್ಳಗಿನ ನಡುವೆ ಆಕಾಶದ ಬಣ್ಣದ ಗಾಡಿ ತೇಲುತ್ತ ನಿಂತಿತ್ತು. ಅದರ ಹಬೆ ಯಾವುದು, ಮಂಜು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಜನ ಇಳಿದು ರಸ್ತೆಯ ಅಂಚಿನಲ್ಲಿ ಕೂತು ಯಾರೂ ಬೈಯದೆ, ಯಾರೂ ಅವಸರ ಮಾಡದೆ, ದೇವಲೋಕದಲ್ಲಿ ಬಸ್ಸಿಗೆ ಕಾದವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ವೀರೇಶ ಗಾಡಿಯ ಪಕ್ಕದಲ್ಲಿ ನಿಂತು ಹೋಸ್ ಪೈಪಿನ ಮೇಲೆ ಕೈಯಿಟ್ಟುಕೊಂಡಿದ್ದ, ಜ್ವರ ಬಂದ ಎಮ್ಮೆಯ ಹಣೆ ಮುಟ್ಟಿದ ಹಾಗೆ. "ಮಾವ, ನನಗೆ ಇದ್ರ ಮ್ಯಾಲೆ ಸಿಟ್ಟೇ ಬರವಲ್ದು" ಅಂದ. ಈಗಲೂ ಆ ಬೆಳಿಗ್ಗೆ ನಿಜವಾಗಿ ಆದದ್ದೋ ನಾನು ಕಂಡ ಕನಸೋ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ. ಆದರೆ ಬೆರಳಿನ ಮೇಲೆ ಅಂದು ಸುಟ್ಟ ಕಲೆ ಇದೆ, ಆದ್ದರಿಂದ ನಿಜವೇ ಇರಬೇಕು.

ವಾಪಸು ಬಂದು ಬುಡೇನ್ ಸಾಬರಿಗೆ ಹೇಳಿದೆ. ಅವರು ಚಾ ಮುಗಿಸಿ ಗ್ಲಾಸು ಕೆಳಗಿಟ್ಟು, "ಅರಿಶಿನ ಹಾಕು" ಅಂದರು.

ನಗಬೇಡಿ. ನಮ್ಮ ಕಾಲದ ಎಲ್ಲ ಮೆಕ್ಯಾನಿಕರ ಕೊನೆಯ ಔಷಧ ಅದೇ. ರೇಡಿಯೇಟರಿನ ನೀರಿಗೆ ಅರಿಶಿನದ ಪುಡಿ ಹಾಕಿದರೆ ಅದು ನೀರಿನ ಜೊತೆ ತಿರುಗಿ, ಎಲ್ಲಿ ಸಣ್ಣ ತೂತು ಇದೆಯೋ ಅಲ್ಲಿ ಹೋಗಿ ಕೂತು ಗಟ್ಟಿಯಾಗುತ್ತದೆ. ರೇಡಿಯೇಟರಿನ ಸೂಜಿಮೊನೆಯಂಥ ತೂತಿಗೆ ಇದು ನಡೆಯುತ್ತದೆ. ಗಂಗಮ್ಮನ ಡಬ್ಬಿಯಿಂದ ಎರಡು ಹಿಡಿ ತಂದು ಹಾಕಿದೆ. ನಿಂತಿತು. ಒಂದು ವಾರ ನಿಂತಿತು. ನಾನು ಮನೆಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ವಾರದ ಕೊನೆಗೆ ಸೊರಬದ ಸ್ಟ್ಯಾಂಡಿನಲ್ಲಿ, ಎಲ್ಲರೂ ಹತ್ತಿ ಕೂತ ಮೇಲೆ ಹೊರಡುವಾಗ ಹೋಸ್ ಬಿಟ್ಟುಕೊಂಡಿತು. ಗಾಡಿಯ ಅಡಿಯಿಂದ ಹಳದಿ ನೀರು ಹರಿದು ಹೋಟೆಲಿನ ಬಾಗಿಲ ತನಕ ಹೋಯಿತು. ಆ ಗಾಡಿಯಲ್ಲಿ ದಿನಾ ಬರುತ್ತಿದ್ದ ಈರಮ್ಮ ಅಂತ ಒಬ್ಬ ಮುದುಕಿ, ವೀಳ್ಯದೆಲೆ ಮಾರುವವಳು, ಇಳಿದು ಆ ನೀರು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಏನೋ ವೀರೇಶಾ, ಮದುಮಗ ನೀನೋ ನಿನ್ನ ಗಾಡಿಯೋ? ನಿನಗಿಂತ ಮುಂಚೆ ಅದಕ್ಕೇ ಅರಿಶಿನ ಹಚ್ಚಿದ್ರಲ್ಲೋ" ಅಂದಳಂತೆ. ಸ್ಟ್ಯಾಂಡು ಪೂರ್ತಿ ನಕ್ಕಿತಂತೆ.

ನಕ್ಕಿದ್ದು ಅಕ್ಕನ ಕಿವಿಗೂ ಬಿತ್ತು. ಅಕ್ಕ ಅದೇ ವಾರ ನಮ್ಮ ಮನೆಗೆ ಬಂದಳು. ಕಾಲು ತೊಳೆದು ಕೂತು, ನೀರು ಕುಡಿದು, ನನ್ನ ಮುಖ ನೋಡದೆ ಹೇಳಿದಳು. "ತಮ್ಮಾ, ಇನ್ನು ನಗೆಪಾಟಲು ಸಾಕು. ಶಿರಾಳಕೊಪ್ಪದಾಗೆ ಗುಜರಿಯವ್ನು ಗಾಡಿ ಕೇಳ್ಯಾನೆ. ಯುಗಾದಿ ತನ ನೋಡ್ತೀನಿ. ನೆಟ್ಟಗಾದ್ರೆ ಆತು. ಇಲ್ಲಾಂದ್ರೆ ಕೊಟ್ಟುಬಿಡ್ತೀನಿ. ವೀರೇಶ ಬೊಂಬಾಯಿ ಲೈನಿನ ಲಾರಿಗೆ ಹೋಗ್ತಾನೆ, ಮಾತಾಡಿ ಬಂದಾನೆ."

ಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. "ಲೈನ್ ಲಾರಿಯವ್ನಿಗೆ ನಾನು ಮಗಳನ್ನ ಕೊಡಲ್ಲ ಅತ್ತಿಗಮ್ಮ. ತಿಂಗಳಿಗೆ ಒಂದು ದಿನ ಮನೆಗೆ ಬರೋ ಗಂಡನ್ನ ಕಟ್ಕೊಂಡು ಅವಳೇನು ಮಾಡ್ಬೇಕು? ಬೇಜಾರು ಮಾಡ್ಕಾಬ್ಯಾಡ್ರಿ."

"ನನ್ನ ಮಗಳಾಗಿದ್ರೆ ನಾನೂ ಕೊಡ್ತಿರಲಿಲ್ಲ" ಅಂದಳು ಅಕ್ಕ. ಇಬ್ಬರೂ ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಒಬ್ಬರನ್ನೊಬ್ಬರು ಒಪ್ಪಿಕೊಂಡು ಕೂತರು.

ಮಾರನೇ ದಿನ ಶಾಂತಾ ಬುತ್ತಿ ತಂದಳು. ಗಾಡಿ ಮರದ ಕೆಳಗೆ ನಿಂತಿತ್ತು. ಅವಳು ಬುತ್ತಿ ಇಟ್ಟು, ಬಾಗಿ ಒಳಗೆ ನೋಡಿ, "ಅಪ್ಪಾ, ಯಾವುದು ಸೋರ್ತದೆ, ತೋರ್ಸು" ಅಂದಳು. ತೋರಿಸಿದೆ. ಬಹಳ ಹೊತ್ತು ಆ ಕಪ್ಪು ಕೊಳವೆಯನ್ನು ನೋಡಿದಳು. "ನಿಂಗೆ ಆಗಲ್ವಾ ಅಪ್ಪಾ?" ಅಂದಳು. ಬೈಗುಳವಲ್ಲ, ದೂರಲ್ಲ, ಸುಮ್ಮನೆ ಕೇಳಿದ್ದು. ಆ ದಿನ ನಾನು ಬುತ್ತಿ ಬಿಚ್ಚಲಿಲ್ಲ.

ಯುಗಾದಿಗೆ ಸ್ವಲ್ಪವೇ ದಿನ ಉಳಿದಿತ್ತು. ಬುಡೇನ್ ಸಾಬರಿಗೆ ಹೇಳಿ, ಒಂದು ಸಂಜೆ ಸೊರಬಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. ಯಾವ ಉಪಾಯವೂ ನನ್ನ ತಲೆಯಲ್ಲಿರಲಿಲ್ಲ. ಗಾಡಿಯ ಜೊತೆ ಒಂದು ದಿನ ಇರಬೇಕು ಅನ್ನಿಸಿತ್ತು, ಅಷ್ಟೇ. ಗುಣವಾಗದ ರೋಗಿಯ ಪಕ್ಕದಲ್ಲಿ ಸುಮ್ಮನೆ ಕೂರುತ್ತೇವಲ್ಲ, ಹಾಗೆ. ಬೆಳಿಗ್ಗೆ ವೀರೇಶನ ಪಕ್ಕದ ಸೀಟಿನಲ್ಲಿ ಕೂತೆ. ನಮ್ಮಿಬ್ಬರ ನಡುವೆ, ಎಂಜಿನ್ ಮುಚ್ಚಳದ ಗೋಣಿಚೀಲದ ಮೇಲೆ ಈರಮ್ಮ. ಅದು ಅವಳ ಖಾಯಂ ಜಾಗ. ಎಂಜಿನ್ನಿನ ಕಾವು ಮಂಡಿನೋವಿಗೆ ಒಳ್ಳೆಯದು ಅಂತ ಸೀಟು ಖಾಲಿಯಿದ್ದರೂ ಅಲ್ಲೇ ಕೂರುತ್ತಿದ್ದಳು. ಮಡಿಲಲ್ಲಿ ಎಲೆಯ ಬುಟ್ಟಿ.

ಗಾಡಿ ಸಪಾಟು ದಾರಿಯಲ್ಲಿ ಹಗೂರ ಹೋಯಿತು. ಬಿಸಿಲು ಎಳೆಯದಾಗಿತ್ತು. ಹಿಂದೆ ಯಾರೋ ತೂಕಡಿಸುತ್ತಿದ್ದರು. ನನಗೂ ಕಣ್ಣು ಎಳೆಯುತ್ತಿತ್ತು. ಮುಂದೆ ಒಂದು ಏರು ಬಂತು. ವೀರೇಶ ಗೇರ್ ಇಳಿಸಿ ಗಾಡಿ ಎಳೆಸಿದ. ಈರಮ್ಮನ ಬುಟ್ಟಿ ಜಾರಿ ನನ್ನ ತೊಡೆಯ ಮೇಲೆ ಬಿತ್ತು.

"ನೋಡಿದ್ಯಾ ಮೇಸ್ತ್ರಿ" ಅಂದಳು ಅವಳು, ಚೆಲ್ಲಿದ ಎಲೆ ಬಾಚಿಕೊಳ್ಳುತ್ತ. "ನಿನ್ನ ಅಳಿಯನ ಗಾಡಿ ಒದೀತದೆ ಮಾರಾಯ. ಸಪಾಟಿನಾಗೆ ಹಸುವಿನಂಗಿರ್ತದೆ. ಏರು ಬಂತೋ, ಈ ಎಡಗಡೆಯಿಂದ ಎದ್ದು ಒಂದು ಕೊಡ್ತದೆ, ಹಳೆ ಎತ್ತು ಕೊಟ್ಟಂಗೆ."

ನನ್ನ ತೂಕಡಿಕೆ ಹೋಯಿತು. "ಯಾವಾಗಿಂದ ಒದೀತದೆ?"

"ನಾನು ಕೂತಾಗಿಂದ್ಲೂ ಒದೀತದೆ."

"ಮತ್ತೆ ಹೇಳಬಾರ್ದಾ ಈರಮ್ಮಾ?"

"ನೀನು ಕೇಳಿದ್ಯಾ? ನೀನು ಯಾವತ್ತು ನೋಡಿದ್ರೂ ಆ ಪೈಪಿಗೇ ಮುಖ ಹಾಕ್ಕಂಡಿರ್ತಿ. ಒದ್ರೆ ಒದೀಲಿ, ಕಾವು ಕೊಡ್ತದಲ್ಲ ಅಂತ ನಾನೂ ಸುಮ್ಕಿದ್ದೆ."

"ವೀರೇಶಾ, ನಿಲ್ಸು" ಅಂದೆ. ಏರಿನ ನಡುವೆಯೇ ನಿಲ್ಲಿಸಿದ. ಈರಮ್ಮನನ್ನು ಮುಚ್ಚಳದಿಂದ ಏಳಿಸುವುದು ಒಂದು ಕೆಲಸವಾಯಿತು. ಎದ್ದರೆ ಬೇರೆ ಯಾರಾದರೂ ಕೂತುಬಿಡುತ್ತಾರೆ ಅಂತ ಅವಳ ಭಯ. ನನ್ನ ಸೀಟನ್ನೇ ಅವಳಿಗೆ ಬಿಟ್ಟುಕೊಟ್ಟು, ಮುಚ್ಚಳ ತೆಗೆದು ಎಂಜಿನ್ನಿನ ಮುಂದೆ ಮಂಡಿಯೂರಿದೆ. "ಕೈ ಬ್ರೇಕ್ ಗಟ್ಟಿ ಹಿಡಿ. ಗೇರ್ ಹಾಕಿ ಕ್ಲಚ್ಚನ್ನ ಮೆಲ್ಲಕೆ ಬಿಡು. ಗಾಡಿ ಹೋಗಬಾರ್ದು, ಹೋಗಾಕೆ ನೋಡ್ಬೇಕು" ಅಂದೆ.

ವೀರೇಶ ಕ್ಲಚ್ ಬಿಟ್ಟ. ಆ ಇಡೀ ಎಂಜಿನ್, ಅಷ್ಟು ಭಾರದ ಕಬ್ಬಿಣ, ನನ್ನ ಕಣ್ಣ ಮುಂದೆ ಎಡಗಡೆಯಿಂದ ಮೆಲ್ಲಗೆ ಎದ್ದಿತು. ನಿದ್ದೆಯಿಂದ ಯಾರೋ ಮಗ್ಗುಲು ಬದಲಿಸಿದ ಹಾಗೆ. ರೇಡಿಯೇಟರು ಗಾಡಿಯ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ ಬಿಗಿದಿದೆ, ಅದು ಅಲ್ಲೇ ಇತ್ತು. ಎಂಜಿನ್ ಎದ್ದು ಆಚೆ ಸರಿಯಿತು. ನಡುವೆ ಸಿಕ್ಕಿದ ಹೋಸ್ ಪೈಪು, ಕರು ಜಗ್ಗಿದಾಗ ಕೆಚ್ಚಲು ಹಿಗ್ಗುತ್ತದಲ್ಲ, ಹಾಗೆ ಎಳೆದುಕೊಂಡಿತು. ಕ್ಲಿಪ್ಪಿನ ಅಡಿಯಲ್ಲಿ ಒಂದು ಹನಿ ಮೂಡಿತು. ದುಂಡಗೆ, ಬಿಸಿಲಿಗೆ ಹೊಳೆಯುತ್ತ ನಿಂತು ಬಿತ್ತು. ಇನ್ನೊಂದು ಮೂಡಿತು.

ಹನಿ ನೋಡಿ ಅಷ್ಟು ಸಂತೋಷಪಟ್ಟ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು. ವೀರೇಶ, "ಏನಾತು ಮಾವ, ಯಾಕೆ ನಗ್ತಿ?" ಅಂತ ಕೇಳುತ್ತಿದ್ದ. "ಮತ್ತೆ ಬಿಡೋ, ಮತ್ತೊಂದು ಸಲ ಬಿಡು" ಅಂತ ನಾನು. ಹಿಂದಿನ ಸೀಟಿನಿಂದ ಒಬ್ಬರು ಇನ್ನೊಬ್ಬರಿಗೆ, "ಸೋರ್ತದೆ ಅಂತ ಇಷ್ಟು ದಿನ ಅಳ್ತಿದ್ರು, ಈಗ ಸೋರ್ತದೆ ಅಂತ ನಗ್ತಾರೆ" ಅಂದರು.

ಎಂಜಿನ್ ನೇರವಾಗಿ ಚಾಸಿಯ ಮೇಲೆ ಕೂರುವುದಿಲ್ಲ, ದಪ್ಪ ರಬ್ಬರಿನ ಗಟ್ಟಿಗಳ ಮೇಲೆ ಕೂರುತ್ತದೆ. ನಾವು ಅದಕ್ಕೆ ಫೌಂಡೇಶನ್ ಅನ್ನುತ್ತೇವೆ. ಎಡಗಡೆಯ ಫೌಂಡೇಶನ್ ಒಳಗೇ ಸೀಳಿ ಎರಡಾಗಿತ್ತು. ವರ್ಷಗಟ್ಟಲೆ ಕೂತ ಎಣ್ಣೆ ಮಣ್ಣು ಅದನ್ನು ಮುಚ್ಚಿಕೊಂಡು ಗಟ್ಟಿಯಾಗಿರುವ ಹಾಗೆ ತೋರಿಸುತ್ತಿತ್ತು. ಎಂಜಿನ್ನಿನ ಭಾರಕ್ಕೆ ಎರಡು ಹೋಳೂ ಒಂದರ ಮೇಲೊಂದು ಕೂತಿರುತ್ತಿದ್ದವು. ನಾನು ಯಾವಾಗಲೂ ಮರದ ಕೆಳಗೆ, ಸಪಾಟು ನೆಲದಲ್ಲಿ, ಖಾಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದೆ. ಭಾರ ಹೊತ್ತು ಏರು ಹತ್ತುವಾಗ ಅದು ಏನು ಮಾಡುತ್ತದೆ ಅಂತ ನೋಡಿದವಳು ಅದರ ಮೇಲೆ ಕೂತವಳು.

ಆ ಫೌಂಡೇಶನ್ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಶಿವಮೊಗ್ಗದಿಂದ ತರಿಸುವ ತನಕ ಯುಗಾದಿ ಕಾಯುವುದಿಲ್ಲ. ಬುಡೇನ್ ಸಾಬರು ಹಳೆಯ ಲಾರಿ ಟೈರೊಂದನ್ನು ಎಳೆದುಕೊಂಡು ಕೂತರು. ಬಿಳಿ ಅಂಗಿಯ ತೋಳು ಮಡಿಚಿ, ಚಾಕುವನ್ನು ನೀರಿಗೆ ಅದ್ದಿ ಅದ್ದಿ, ಟೈರಿನ ದಪ್ಪ ಭಾಗವನ್ನು ಅಳತೆಗೆ ಕೊಯ್ದು, ಪದರ ಪದರ ಇಟ್ಟು ಬೋಲ್ಟು ಹಾಕಿ ಕೊಟ್ಟರು. ಅಂಗಿಯ ಮೇಲೆ ಕಪ್ಪು ಗೆರೆ ಬಿದ್ದಿತ್ತು, ನೋಡಿಕೊಳ್ಳಲಿಲ್ಲ. ನಾನು ಕೂರಿಸಿ ಬಿಗಿದೆ. ಹೊಸ ಹೋಸಿಗೆ ಸೋಪಿನ ನೀರು ಹಚ್ಚಿ ಏರಿಸಿದೆ. ಅರಿಶಿನವೆಲ್ಲ ಹೋಗುವ ತನಕ ರೇಡಿಯೇಟರ್ ತೊಳೆದೆ. ಎದ್ದು ಬಂದಾಗ ಅವರು ತಮ್ಮ ಪೂರ್ತಿ ಗ್ಲಾಸನ್ನೇ ನನ್ನ ಕೈಗೆ ಕೊಟ್ಟು, "ಅರಿಶಿನದ ಮಾತು ಯಾರ ಹತ್ರನೂ ಆಡಬ್ಯಾಡ" ಅಂದರು. ಈಗ ಅವರಿಲ್ಲ. ಬರೆದುಬಿಟ್ಟಿದ್ದೇನೆ, ಕ್ಷಮಿಸುತ್ತಾರೆ.

ಮುಂದಿನ ಮಂಗಳವಾರ ಚಂದ್ರಗುತ್ತಿಗೆ ಹೊರಟೆವು. ಗಾಡಿ ತುಂಬ ಜನ. ಅಕ್ಕ ಬಂದಳು, ಶಾಂತಾ ಬಂದಳು. ಗಂಗಮ್ಮ ತಾನೇ ಮುಂದೆ ಬಂದು, ಈರಮ್ಮನ ಪಕ್ಕದಲ್ಲಿ ಆ ಮುಚ್ಚಳದ ಮೇಲೆಯೇ ಕೂರುತ್ತೇನೆ ಅಂದಳು. "ಅದು ನನ್ನ ಜಾಗ" ಅಂದಳು ಈರಮ್ಮ. "ಅರ್ಧ ಕೊಡ್ರಿ, ಮಗಳನ್ನ ಕೊಡಾಕೆ ಬಂದೀನಿ" ಅಂದಳು ಇವಳು. ಈರಮ್ಮ ಸರಿದು ಕೂತಳು.

ಏರು ಬಂತು. ವೀರೇಶನ ಕತ್ತಿನ ನರ ಎದ್ದದ್ದು ನನಗೆ ಕಾಣುತ್ತಿತ್ತು. ಗೇರ್ ಇಳಿಸಿದ. ಗಾಡಿ ತುಂಬ ಒಂದು ದೊಡ್ಡ ಗುನುಗು ತುಂಬಿಕೊಂಡಿತು, ಕಿಟಕಿಯ ಆಚೆ ಗುಡ್ಡ ಮೆಲ್ಲಗೆ ತಿರುಗುತ್ತ ಹತ್ತಿರ ಬಂತು, ಗದ್ದೆಗಳೆಲ್ಲ ಕೆಳಗಿಳಿದವು. ಈರಮ್ಮ ಬುಟ್ಟಿಯಿಂದ ಕೈ ತೆಗೆದು ನೋಡಿದಳು. ಬುಟ್ಟಿ ಅಲ್ಲೇ ಇತ್ತು. "ಇವತ್ತು ಒದೀತಿಲ್ಲ. ಬ್ಯಾಸರ ಬರ್ತದೆ" ಅಂದಳು.

ಮೇಲೆ ಹೋಗಿ ನಿಂತ ಮೇಲೆ ನಾನು ಮುಚ್ಚಳ ತೆಗೆದೆ. ಗಂಗಮ್ಮ ನನ್ನನ್ನು ಸರಿಸಿ ತಾನೇ ಬಾಗಿದಳು. ಸುಡುತ್ತದೆ ಅಂದೆ, ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೋಸಿನ ಅಡಿಯಲ್ಲಿ, ಕ್ಲಿಪ್ಪಿನ ಸುತ್ತ, ಕೂಸಿನ ಕಿವಿ ಒರೆಸಿದ ಹಾಗೆ ಒರೆಸಿ, ಸೆರಗನ್ನು ಬಿಸಿಲಿಗೆ ಹಿಡಿದು ನೋಡಿದಳು. ನಾವೆಲ್ಲ ಅವಳ ಸೆರಗನ್ನೇ ನೋಡುತ್ತಿದ್ದೆವು. ಕಪ್ಪು ಮಸಿ ಇತ್ತು. ಒದ್ದೆ ಇರಲಿಲ್ಲ.

"ಅತ್ತಿಗಮ್ಮ, ಒಣಗೈತೆ" ಅಂದಳು ಅಕ್ಕನಿಗೆ. ಆಮೇಲೆ, ಯಾರ ಮುಖವನ್ನೂ ನೋಡದೆ, "ಯುಗಾದಿ ಆದ ಮ್ಯಾಲೆ ಒಳ್ಳೇ ದಿನ ಯಾವುದೈತೆ ಕೇಳಿಸ್ರಿ" ಅಂದಳು. ಅಕ್ಕ ಅಲ್ಲೇ ರಸ್ತೆಯಲ್ಲಿ ಅವಳ ಕೈ ಹಿಡಿದುಕೊಂಡಳು. ವೀರೇಶ ರೇಡಿಯೇಟರಿಗೆ ನೀರು ಬೇಕೇನೋ ಅಂತ ನೋಡುವ ನೆಪದಲ್ಲಿ ಗಾಡಿಯ ಆಚೆ ಬದಿಗೆ ಹೋದ. ಶಾಂತಾ ಈ ಬದಿಯಲ್ಲೇ ನಿಂತು ಗುಡ್ಡ ನೋಡುತ್ತಿದ್ದಳು. ನೀರು ಬೇಕಾಗಿರಲಿಲ್ಲ.

ಅವರಿಬ್ಬರ ಮಗಳು ನಮ್ಮ ಸಹನಾ.

ಈಗ ಕೆಲಸ ಬಹಳ ಬದಲಾಗಿದೆ ಮಕ್ಕಳೇ. ರೇಡಿಯೇಟರಿನ ಬಾಯಿಗೆ ಪಂಪು ಕೂರಿಸಿ ಗಾಳಿ ತುಂಬಿದರೆ ಎಲ್ಲಿ ಸೋರುತ್ತದೆ ಅಂತ ನಿಂತಲ್ಲೇ ಗೊತ್ತಾಗುತ್ತದಂತೆ. ಸಹನಾ ಹೇಳಿದಳು. ಅಚ್ಚಿನಲ್ಲೇ ಬಗ್ಗಿದ ಹೋಸ್‌ಗಳು ಬಂದಿವೆ, ಬಣ್ಣದ ಕೂಲಂಟ್ ಬಂದಿದೆ, ಮೀನಿನ ಕಾಟವಿಲ್ಲ. ಒಳ್ಳೆಯದೇ ಆಯಿತು. ಆದರೂ ಪಂಪಿಗೆ ಸಿಗದ ಒಂದು ಗಾಡಿ ನಿಮ್ಮ ಪಾಲಿಗೂ ಬರುತ್ತದೆ. ಆಗ ಅದನ್ನು ಏರಿಗೆ ಕರೆದುಕೊಂಡು ಹೋಗಿ. ದಿನಾ ಅದರಲ್ಲಿ ಕೂರುವವರು ಯಾರು ಅಂತ ಹುಡುಕಿ, ಅವರು ಬೈಯುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಮನೆಯಲ್ಲಿ ಬೈಸಿಕೊಂಡದ್ದನ್ನು ಗ್ಯಾರೇಜಿಗೆ ತರಬೇಡಿ ಅನ್ನುತ್ತಾರೆ. ನಾನು ತಂದಿದ್ದೆ, ನನಗೆ ಅದರಿಂದ ಲಾಭವೇ ಆಯಿತು.

ಇಷ್ಟು ಬರೆಯುವಾಗ ಎಲ್ಲರೂ ಬಂದರು, ಊಟಕ್ಕೆ ಕರೆದರು. ಉಳಿದದ್ದನ್ನು ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಪಡಸಾಲೆಯಲ್ಲಿ ಉದ್ದಕ್ಕೆ ಎಲೆ ಹಾಕಿದ್ದರು. ಅಕ್ಕನಿಗೆ ಈಗ ಹಲ್ಲಿಲ್ಲ, ವೀರೇಶ ಪಕ್ಕದಲ್ಲಿ ಕೂತು ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟ. ಸಹನಾ ಬಡಿಸುತ್ತೇನೆ ಅಂತ ಎದ್ದಳು. ಗಂಗಮ್ಮ ಅವಳ ಭುಜ ಒತ್ತಿ ಕೂರಿಸಿ, ತುಪ್ಪದ ಗಿಂಡಿಯನ್ನು ಅವಳ ಎಲೆಯ ಮೇಲೆ ಬಗ್ಗಿಸಿದಳು. "ಸಾಕು ಅಜ್ಜೀ" ಅಂದಳು ಹುಡುಗಿ.

"ಸುಮ್ಕಿರು. ನಾಳೆಯಿಂದ ಈ ಕೈಗೆ ಗ್ರೀಸು. ಇವತ್ತು ತುಪ್ಪದಾಗೆ ಚೆನ್ನಾಗಿ ಅದ್ದಿಕೋ."

ಎಲ್ಲರಿಗೂ ಬಡಿಸಿ, ಬೇಡ ಬೇಡ ಅಂದರೂ ವೀರೇಶನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಗಂಗಮ್ಮ ಒಳಗೆ ಹೊರಟಳು. "ಅತ್ತೆ, ನೀವೂ ಕುಂದ್ರಿ, ಬೇಕಾದ್ದು ನಾವೇ ಹಾಕ್ಕಂತೀವಿ" ಅಂದ ಅವನು. ಶಾಂತಾ ಅವಳಿಗೊಂದು ಎಲೆ ತಂದಳು. ಸಾಲು ಬಿಗಿಯಾಗಿತ್ತು. ವೀರೇಶ ಈಚೆಗೆ ಸರಿದ, ಅಕ್ಕ ಆಚೆಗೆ ಸರಿದಳು, ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಗಂಗಮ್ಮ ಕೂತಳು. ಆಮೇಲೆ ಎಲ್ಲರೂ ಉಂಡೆವು.